ಆ ಮಾತ್ರೆ ನುಂಗಿದ್ದು ಮನೆಯವರಿಗೂ ಗೊತ್ತಿರಲಿ

ಈ ಸಲದ ವಿಷಯ ಸ್ವಲ್ಪ ಮುಜುಗರದ್ದು. ಗುಂಪಿನಲ್ಲಿ ಅಕ್ಕತಂಗಿಯರು, ಅತ್ತೆ ಮಾವಂದಿರು ಎಲ್ಲ ಇದ್ದಾರೆ ಎಂದು ಗೊತ್ತು. ಆದರೂ ಗುಂಪಿಗೇ ಹಾಕುತ್ತಿದ್ದೇನೆ. ಗಂಡಸರಷ್ಟೇ ಓದಿದರೆ ಸಾಲದ ವಿಷಯ ಇದು.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ದ್ವಾರಕಾದಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ರಾತ್ರಿ ಎರಡು ಗಂಟೆ. ಐವತ್ತೈದು ವರ್ಷದ ಯಜಮಾನರಿಗೆ ಎದೆ ಹಿಂಡಿದ ಹಾಗೆ ನೋವು, ಮೈಯೆಲ್ಲ ಬೆವರು. ಹೆಂಡತಿ ಗಾಬರಿಯಿಂದ ಫ್ರಿಜ್ಜಿನ ಮೇಲಿನ ಔಷಧಿ ಡಬ್ಬಿ ತೆಗೆಯುತ್ತಾರೆ. ಅದರಲ್ಲಿ ಸಾರ್ಬಿಟ್ರೇಟ್ ಇದೆ. ಎದೆನೋವು ಬಂದರೆ ನಾಲಿಗೆ ಕೆಳಗೆ ಇಡಬೇಕೆಂದು ಯಾರೋ ಫಾರ್ವರ್ಡ್ ಮಾಡಿದ ಸಂದೇಶ ನೋಡಿ ತಂದಿಟ್ಟದ್ದು. ಕೊಡುತ್ತಾರೆ. ಹತ್ತು ನಿಮಿಷದಲ್ಲಿ ಯಜಮಾನರ ಬಿಪಿ ಪಾತಾಳಕ್ಕೆ ಇಳಿಯುತ್ತದೆ, ಎಚ್ಚರ ತಪ್ಪುತ್ತದೆ. ಹೆಂಡತಿ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದೇ: ರಾತ್ರಿ ಹತ್ತೂವರೆಗೆ ಯಜಮಾನರು ಒಂದು ನೀಲಿ ಮಾತ್ರೆ ನುಂಗಿದ್ದರು, ಹೇಳಿರಲಿಲ್ಲ.

ಇದು ಕಲ್ಪಿಸಿದ ಕತೆ. ಆದರೆ ಇಂಥದ್ದು ಆಗುವ ಸಾಧ್ಯತೆ ಕಲ್ಪನೆಯಲ್ಲ. 2024ರಿಂದ ಕಾನ್ಪುರದ ಹೃದ್ರೋಗ ಆಸ್ಪತ್ರೆಯ ಹೆಸರಿನಲ್ಲಿ ಒಂದು ಏಳು ರೂಪಾಯಿ ಕಿಟ್ಟಿನ ಸಂದೇಶ ಉತ್ತರ ಭಾರತದ ಗುಂಪುಗಳಲ್ಲೆಲ್ಲ ಓಡಾಡುತ್ತಿದೆ, ನೀವೂ ನೋಡಿರುತ್ತೀರಿ. ಅದರಲ್ಲಿ ಮೂರು ಮಾತ್ರೆ: ಆಸ್ಪಿರಿನ್, ಕೊಲೆಸ್ಟರಾಲಿನ ರೊಸುವಾಸ್ಟಾಟಿನ್, ಮತ್ತು ಸಾರ್ಬಿಟ್ರೇಟ್. ಒಂದು ಕಡೆ ಮನೆಮನೆಯಲ್ಲಿ ಸಾರ್ಬಿಟ್ರೇಟ್, ಇನ್ನೊಂದು ಕಡೆ ಗುಟ್ಟಾಗಿ ಪರ್ಸಿನಲ್ಲಿ ವಯಾಗ್ರಾ ಜಾತಿಯ ಮಾತ್ರೆ. ಇವೆರಡು ಒಂದೇ ದೇಹದಲ್ಲಿ ಸೇರಬಾರದು. ಇವತ್ತಿನ ಬರಹದಲ್ಲಿ ಬೇರೆ ಏನು ಮರೆತರೂ ಇದೊಂದು ನೆನಪಿರಲಿ.

*ಮಾತ್ರೆ ಮಾಡುವ ಕೆಲಸ ಏನು*

ಊರಿನ ಕೆರೆ, ತೂಬು, ನೀರುಗಂಟಿ ನೆನಪಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನಸ್ಸಿಗೆ ಬಯಕೆ ಬಂದಾಗ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಡುತ್ತವೆ. ಅದು ಶಿಶ್ನದ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ತೂಬು ಎತ್ತಿದ ಹಾಗೆ ರಕ್ತ ಹರಿದು ತುಂಬಿಕೊಳ್ಳುತ್ತದೆ, ನಿಮಿರುವಿಕೆ ಆಗುತ್ತದೆ. ಸ್ವಲ್ಪ ಹೊತ್ತಿಗೆ ಪಿಡಿಇ-5 ಎಂಬ ಕಿಣ್ವ ನೀರುಗಂಟಿಯ ಹಾಗೆ ಬಂದು ತೂಬು ಇಳಿಸುತ್ತದೆ. ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧಿ), ಟಡಲಾಫಿಲ್ ಮೊದಲಾದವು ಈ ನೀರುಗಂಟಿಯ ಕೈ ಕಟ್ಟುತ್ತವೆ. ತೂಬು ಎತ್ತುವುದು ಮಾತ್ರೆಯ ಕೆಲಸವಲ್ಲ, ಅದು ಬಯಕೆಯ ಕೆಲಸ. ಮಾತ್ರೆ ನುಂಗಿ ಟಿವಿ ನೋಡುತ್ತ ಕೂತರೆ ಏನೂ ಆಗುವುದಿಲ್ಲ. ‘ಒಂದು ಸಲ ತಗೊಂಡೆ, ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಅನೇಕರು ಇಲ್ಲಿಯೇ ಎಡವಿರುತ್ತಾರೆ.

ಈ ಔಷಧಿ ಸಿಕ್ಕಿದ್ದೂ ಹೃದಯದ ದಾರಿಯಲ್ಲೇ. ಫೈಜರ್ ಕಂಪನಿ ಇಂಗ್ಲೆಂಡಿನಲ್ಲಿ ಎದೆನೋವಿಗೆಂದು ಸಿಲ್ಡೆನಾಫಿಲ್ಲನ್ನು ಪರೀಕ್ಷಿಸುತ್ತಿತ್ತು. ಎದೆನೋವಿಗೆ ಅದು ಅಷ್ಟಕ್ಕಷ್ಟೆ. ಆದರೆ ಪರೀಕ್ಷೆಗೆ ಬಂದ ಗಂಡಸರು ಬೇರೊಂದು ಪರಿಣಾಮ ಹೇಳತೊಡಗಿದರು. 1998ರ ಮಾರ್ಚ್ 27ರಂದು ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನೈಟ್ರಿಕ್ ಆಕ್ಸೈಡಿನ ಗುಟ್ಟು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ ಅದೇ ವರ್ಷ ನೊಬೆಲ್ ಬಂತು. ನಮ್ಮ ದೇಶದ ಕಂಪನಿಗಳ ಮಾತ್ರೆಗಳು 2001ರ ಹೊತ್ತಿಗೆ ಅಂಗಡಿಗೆ ಬಂದವು.

ಇನ್ನೊಂದು ಮಾತು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಾದ ಕಾಯಿಲೆಗೂ ಇದೇ ಸಿಲ್ಡೆನಾಫಿಲ್ ಕೊಡುತ್ತಾರೆ. ಹೆಂಗಸರಿಗೂ, ಹುಟ್ಟಿದ ಕೂಸುಗಳಿಗೂ. ಮಗುವಿನ ಚೀಟಿಯಲ್ಲಿ ಆ ಹೆಸರು ನೋಡಿ ಡಾಕ್ಟರು ತಪ್ಪು ಬರೆದಿದ್ದಾರೆಂದು ಗಾಬರಿಯಾಗಿ ನಿಲ್ಲಿಸಬೇಡಿ.

*ಸಾರ್ಬಿಟ್ರೇಟ್ ಏಕೆ ಆಗದು*

ಸಾರ್ಬಿಟ್ರೇಟ್, ಮೊನೊಟ್ರೇಟ್, ನೈಟ್ರೋಗ್ಲಿಸರಿನ್ ಇವೆಲ್ಲ ನೈಟ್ರೇಟ್ ಗುಂಪಿನವು. ಇವು ಮೈಯಲ್ಲಿ ನೈಟ್ರಿಕ್ ಆಕ್ಸೈಡನ್ನೇ ಉಂಟುಮಾಡಿ ಎಲ್ಲ ಕಡೆಯ ತೂಬುಗಳನ್ನೂ ಎತ್ತುತ್ತವೆ. ಇಳಿಸಬೇಕಾದ ನೀರುಗಂಟಿಯ ಕೈ ಮೊದಲೇ ಕಟ್ಟಿಹಾಕಿದೆ. ಆಗ ಕೆರೆ ಬರಿದಾಗುವುದೊಂದೇ ಉಳಿದದ್ದು. ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಪ್ರಾಣಕ್ಕೇ ಕುತ್ತು ಬರಬಹುದು. ನಿಕೊರಾಂಡಿಲ್ ಎಂಬ ಹೃದಯದ ಮಾತ್ರೆಯೂ ಇದೇ ಸಾಲಿನದು. ಕೆಲವು ಪಾರ್ಟಿಗಳಲ್ಲಿ ಮೂಸುವ ‘ಪಾಪರ್ಸ್’ ಎಂಬ ಪುಟ್ಟ ಸೀಸೆಗಳಿವೆಯಲ್ಲ, ಅವೂ ನೈಟ್ರೈಟೇ. ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಸೇರಿದ ಮನೆಗಳಲ್ಲಿ ಇದೂ ಗೊತ್ತಿರಬೇಕು.

ಲೆಕ್ಕ ಹೀಗಿದೆ: ಸಿಲ್ಡೆನಾಫಿಲ್ ತೆಗೆದುಕೊಂಡ ಮೇಲೆ ಕಡಿಮೆಯೆಂದರೂ 24 ಗಂಟೆ, ಟಡಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡಬಾರದು. ದಿನವೂ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಈ ಮಾತ್ರೆಗಳು ಬೇಡವೇ ಬೇಡ.

ಹಾಗಾದರೆ ಅಂಥ ರಾತ್ರಿ ಎದೆನೋವು ಬಂದರೆ ಏನು ಮಾಡಬೇಕು? ಇದ್ದಲ್ಲೇ ಕೂರಿಸಿ. 112ಕ್ಕೆ ಫೋನ್ ಮಾಡಿ. ದೆಹಲಿಯೊಳಗಿದ್ದರೆ 102ಕ್ಕೂ ಮಾಡಬಹುದು. ಆಸ್ಪಿರಿನ್ನಿಗೂ ಈ ಮಾತ್ರೆಗೂ ಜಗಳವಿಲ್ಲ, ಫೋನಿನಲ್ಲಿ ಕೊಡಿ ಎಂದರೆ ಕೊಡಬಹುದು. ಸಾರ್ಬಿಟ್ರೇಟ್ ಮಾತ್ರ ಮುಟ್ಟಬೇಡಿ. ಆಂಬುಲೆನ್ಸಿನವರಿಗೆ, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮೊದಲು ಸಿಕ್ಕ ಡಾಕ್ಟರಿಗೆ, ಯಾವ ಮಾತ್ರೆ, ಎಷ್ಟು ಗಂಟೆಗೆ ಎಂದು ಹೇಳಿ. ಹಿಂದಿ ಅಷ್ಟಾಗಿ ಬಾರದ ಅಕ್ಕಂದಿರು ಈ ಒಂದು ವಾಕ್ಯ ಬರೆದಿಟ್ಟುಕೊಳ್ಳಿ: *‘ಇನ್ಹೋನೆ ಸಿಲ್ಡೆನಾಫಿಲ್ ಕೀ ಗೋಲೀ ಲೀ ಹೈ, ನೈಟ್ರೇಟ್ ಮತ್ ದೀಜಿಯೇ.’* ಮಾತ್ರೆಯ ಹೆಸರು ಗೊತ್ತಾಗದಿದ್ದರೆ ‘ವಯಾಗ್ರಾ ಜೈಸೀ ಗೋಲೀ’ ಎಂದರೂ ಸಾಕು, ಅರ್ಥವಾಗುತ್ತದೆ. ಎಮರ್ಜೆನ್ಸಿಯಲ್ಲಿ ಇದನ್ನು ಕೇಳಿ ಯಾರೂ ನಗುವುದಿಲ್ಲ.

*ಮಾತ್ರೆಗಿಂತ ಮೊದಲು ಎದೆ ನೋಡಿಸಿ*

ಶಿಶ್ನಕ್ಕೆ ಹೋಗುವ ರಕ್ತನಾಳದ ಅಗಲ 1ರಿಂದ 2 ಮಿಲಿಮೀಟರು. ಹೃದಯದ್ದು 3ರಿಂದ 4. ಕೊಬ್ಬು ಕಟ್ಟಿಕೊಳ್ಳತೊಡಗಿದರೆ ಮೊದಲು ಬಿಗಿಯುವುದು ಸಣ್ಣ ಕೊಳವೆ. ಅದಕ್ಕೇ ಅನೇಕರಲ್ಲಿ ನಿಮಿರುವಿಕೆಯ ತೊಂದರೆ ಮೊದಲು ಬಂದು, ಹೃದಯದ ತೊಂದರೆ ಎರಡರಿಂದ ಐದು ವರ್ಷದ ನಂತರ ಕಾಣಿಸಿಕೊಳ್ಳುತ್ತದೆ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳಿ ಪಡೆದು ಸುಮ್ಮನಾದವರು, ದೇಹ ಕೊಟ್ಟ ಆ ಎರಡು ಮೂರು ವರ್ಷದ ಮುನ್ಸೂಚನೆಯನ್ನು ಕಳೆದುಕೊಂಡ ಹಾಗೆ. ನನಗೆ ಇದರಲ್ಲಿ ಅತಿ ಬೇಸರದ ಸಂಗತಿ ಇದೇ. ಐವತ್ತು ರೂಪಾಯಿ ಕೊಟ್ಟು ಗುಟ್ಟು ಉಳಿಸಿಕೊಳ್ಳುತ್ತೇವೆ, ಎಚ್ಚರಿಕೆ ಗಂಟೆಯನ್ನು ಆಫ್ ಮಾಡುತ್ತೇವೆ.

ಆದ್ದರಿಂದ ಬಿಪಿ, ಶುಗರ್ (ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ), ಕೊಲೆಸ್ಟರಾಲ್, ಬೆಳಿಗ್ಗೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟಿರಾನ್, ಇಷ್ಟಾದರೂ ನೋಡಿಸಿ. ಅನೇಕರಿಗೆ ಶುಗರ್ ಇದೆ ಎಂದು ಗೊತ್ತಾಗುವುದೇ ಹೀಗೆ. ಡಿಡಿಎ ಫ್ಲ್ಯಾಟಿನಲ್ಲಿ ಲಿಫ್ಟ್ ಇಲ್ಲವೆಂದು ಬೈಯುತ್ತೇವಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಎರಡು ಮಹಡಿ ಚುರುಕಾಗಿ ಹತ್ತಿದಾಗ ಎದೆನೋವಾಗಲಿ, ವಿಪರೀತ ಏದುಸಿರಾಗಲಿ ಬಾರದಿದ್ದರೆ ಸಾಮಾನ್ಯವಾಗಿ ಹೃದಯ ಸಂಭೋಗದ ಶ್ರಮವನ್ನೂ ತಾಳುತ್ತದೆ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಹತ್ತಲಾಗದಿದ್ದರೆ ಮಾತ್ರೆಯ ಮಾತು ಆಮೇಲೆ, ಮೊದಲು ಹೃದಯದ ಡಾಕ್ಟರು.

ಕಳೆದ ಆರು ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಆದವರು, ಸುಮ್ಮನೆ ಕೂತಾಗಲೂ ಎದೆನೋವು ಬರುವವರು, ಬಿಪಿ 90/50ಕ್ಕಿಂತ ಕೆಳಗೆ ಅಥವಾ 170/110ಕ್ಕಿಂತ ಮೇಲೆ ಇರುವವರು, ಲಿವರ್ ತೀರ ಕೆಟ್ಟವರು, ವಂಶಪಾರಂಪರ್ಯವಾಗಿ ರೆಟಿನಾ ಕಾಯಿಲೆ ಇರುವವರು, ಹಿಂದೆ ಕಣ್ಣಿನ ನರಕ್ಕೆ ರಕ್ತ ನಿಂತು ದೃಷ್ಟಿ ಹೋದವರು ತಾವಾಗಿ ಈ ಮಾತ್ರೆ ತೆಗೆದುಕೊಳ್ಳಬಾರದು.

*ಬೇರೆ ಮಾತ್ರೆಗಳ ಜೊತೆ*

ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್, ಬಿಪಿಗೆ ಪ್ರಾಜೋಸಿನ್ ತೆಗೆದುಕೊಳ್ಳುವವರಿಗೆ ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಅಪಾಯ ಹೆಚ್ಚು. ಅಂಥವರಿಗೆ ಡಾಕ್ಟರು ತೀರ ಕಡಿಮೆ ಪ್ರಮಾಣದಿಂದ ಶುರು ಮಾಡುತ್ತಾರೆ. ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ಜುಲೈ ಆಗಸ್ಟಿನ ಇಲ್ಲಿನ ಬೆವರಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿ ಆಗಿ, ಚರ್ಮದ ಡಾಕ್ಟರು ವಾರಗಟ್ಟಲೆ ಇಟ್ರಾಕೊನಜೋಲ್ ಕೊಟ್ಟಿರುತ್ತಾರೆ. ಆ ಮಾತ್ರೆ ಸಿಲ್ಡೆನಾಫಿಲ್ ದೇಹದಿಂದ ಹೊರಹೋಗುವುದನ್ನು ತಡೆಯುತ್ತದೆ. 50 ಮಿಲಿಗ್ರಾಂ ನುಂಗಿದರೂ ರಕ್ತದಲ್ಲಿ ಅದಕ್ಕಿಂತ ಹೆಚ್ಚು ನುಂಗಿದಷ್ಟು ಉಳಿಯುತ್ತದೆ. ಕೀಟೊಕೊನಜೋಲ್ ಮಾತ್ರೆ, ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಎಚ್‌ಐವಿಗೆ ಕೊಡುವ ರಿಟೊನಾವಿರ್ ಇವೂ ಹಾಗೆಯೇ.

ಇದರ ಇನ್ನೊಂದು ಮುಖವೂ ಇದೆ. ಕೆಲವು ಬಿಪಿ ಮಾತ್ರೆಗಳು, ಖಿನ್ನತೆಯ ಮಾತ್ರೆಗಳು, ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟಿರೈಡ್ ತಾವೇ ನಿಮಿರುವಿಕೆಯನ್ನು ಕುಗ್ಗಿಸಬಹುದು. ಅನುಮಾನ ಬಂದರೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ. ನೀವಾಗಿ ಬಿಪಿ ಮಾತ್ರೆ ನಿಲ್ಲಿಸಿದರೆ ಒಂದು ಹೋಗಿ ಇನ್ನೊಂದಾಗುತ್ತದೆ.

*ಎಷ್ಟು, ಯಾವಾಗ*

ಸಿಲ್ಡೆನಾಫಿಲ್ ಸಾಮಾನ್ಯವಾಗಿ 50 ಮಿಲಿಗ್ರಾಂ, ಸುಮಾರು ಒಂದು ಗಂಟೆ ಮುಂಚೆ. 65 ದಾಟಿದವರಿಗೆ, ಲಿವರ್ ಕಿಡ್ನಿ ತೊಂದರೆ ಇರುವವರಿಗೆ 25ರಿಂದ ಶುರು. 100ರ ಮೇಲೆ ಹೋಗಬಾರದು, ದಿನಕ್ಕೆ ಒಂದೇ ಸಲ. ಮದುವೆ ಊಟದಲ್ಲಿ ಬಟರ್ ಪನೀರ್, ಗಾಜರ್ ಹಲ್ವಾ ಬಾರಿಸಿ ಬಂದು ಮಾತ್ರೆ ನುಂಗಿದರೆ, ಜಿಡ್ಡಿನ ಊಟ ಅದನ್ನು ಹೊಟ್ಟೆಯಲ್ಲೇ ತಡೆದು ನಿಲ್ಲಿಸುತ್ತದೆ. ಕಾದು ಕಾದು ‘ಇದು ಡೂಪ್ಲಿಕೇಟು’ ಎಂದು ಇನ್ನೊಂದು ನುಂಗುವವರಿದ್ದಾರೆ. ತಪ್ಪಿಯೂ ಹಾಗೆ ಮಾಡಬೇಡಿ. ಟಡಲಾಫಿಲ್ಲಿಗೆ ಊಟದ ಹಂಗಿಲ್ಲ. 10 ಮಿಲಿಗ್ರಾಮಿನಿಂದ ಶುರುಮಾಡಿ ಹೆಚ್ಚೆಂದರೆ 20, ಪರಿಣಾಮ 36 ಗಂಟೆಯವರೆಗೂ ಇರುತ್ತದೆ. ದಿನವೂ 2.5 ಅಥವಾ 5 ಮಿಲಿಗ್ರಾಂ ತೆಗೆದುಕೊಳ್ಳುವ ಕ್ರಮವೂ ಇದೆ. ಎರಡು ಜಾತಿಯನ್ನು ಬೆರೆಸಬಾರದು. ಒಂದೆರಡು ಪೆಗ್ಗಿಗಿಂತ ಹೆಚ್ಚು ಹಾಕಿದ ದಿನ ಮಾತ್ರೆ ಬೇಡ. ಮದ್ಯವೂ ಬಿಪಿ ಇಳಿಸುತ್ತದೆ, ಜೊತೆಗೆ ಯಾವುದಕ್ಕಾಗಿ ಮಾತ್ರೆ ತೆಗೆದುಕೊಂಡಿರೋ ಅದನ್ನೇ ಕೆಡಿಸುತ್ತದೆ.

ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು, ಮೂಗು ಕಟ್ಟುವುದು, ಎದೆಯುರಿ, ವಸ್ತುಗಳು ಸ್ವಲ್ಪ ನೀಲಿಯಾಗಿ ಕಾಣುವುದು, ಟಡಲಾಫಿಲ್ಲಿಗೆ ಸೊಂಟನೋವು, ಇವು ಬಂದು ಹೋಗುವಂಥವು. ಆದರೆ ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ಕಿವಿ ಥಟ್ಟನೆ ಕೇಳದಾದರೆ, ಎದೆನೋವು ಬಂದರೆ, ನಿಮಿರುವಿಕೆ ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ಕೂಡಲೇ ಆಸ್ಪತ್ರೆ. ಕೊನೆಯದನ್ನು ನಾಚಿಕೆಯಿಂದ ಬೆಳಗಾಗುವವರೆಗೆ ಮುಚ್ಚಿಟ್ಟರೆ ಒಳಗಿನ ಅಂಗಾಂಶ ಸತ್ತು ಶಾಶ್ವತವಾಗಿ ತೊಂದರೆಯಾಗುತ್ತದೆ.

*ಗೋಡೆ ಬರಹದ ವೈದ್ಯರು, ಕತ್ತರಿಸಿ ಕೊಟ್ಟ ಮಾತ್ರೆ*

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರಿಗೆ ದೆಹಲಿ ಹತ್ತಿರವಾಯಿತೆಂದು ಗೊತ್ತಾಗುವುದೇ ಹಳಿ ಪಕ್ಕದ ಗೋಡೆಗಳಿಂದ: ‘ಗುಪ್ತ ರೋಗ’, ‘ಮರ್ದಾನಾ ಕಮ್ಜೋರಿ’, ಒಂದು ಫೋನ್ ನಂಬರು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಯ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಎಪ್ಪತ್ತು ವರ್ಷ ಕಳೆಯಿತು, ಗೋಡೆಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಅಂಥ ಕಡೆ ಸಿಗುವ ‘ಪೂರ್ತಿ ಗಿಡಮೂಲಿಕೆ’ ಪುಡಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಗಿಡಮೂಲಿಕೆ ಎಂದು ಬರೆದ ಇಂಥ ಉತ್ಪನ್ನಗಳೊಳಗೆ ಸಿಲ್ಡೆನಾಫಿಲ್ಲನ್ನೇ ಗುಟ್ಟಾಗಿ ಸೇರಿಸಿದ್ದನ್ನು ಅಮೆರಿಕದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ನೈಟ್ರೇಟ್ ತೆಗೆದುಕೊಳ್ಳುವ ಹೃದ್ರೋಗಿ ‘ಇದು ಬರೀ ಬೇರು’ ಎಂದು ನಂಬಿ ನುಂಗಿದರೆ? 2008ರಲ್ಲಿ ಸಿಂಗಪುರದಲ್ಲಿ ಆದದ್ದು ಇನ್ನೂ ಘೋರ. ಜನವರಿಯಿಂದ ಮೇ ವರೆಗೆ ಸಕ್ಕರೆ ಕಾಯಿಲೆಯೇ ಇಲ್ಲದ 150 ಮಂದಿ ರಕ್ತದಲ್ಲಿ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು. ಹುಡುಕಿದರೆ, ಕಳ್ಳ ದಾರಿಯಲ್ಲಿ ಬಂದ ಲೈಂಗಿಕ ಶಕ್ತಿಯ ಮಾತ್ರೆಗಳಲ್ಲಿ ಶುಗರಿನ ಔಷಧಿ ಗ್ಲಿಬೆನ್‌ಕ್ಲಮೈಡ್ ಬೆರೆತಿತ್ತು. ಏಳು ಮಂದಿ ಪ್ರಜ್ಞೆಗೆ ಮರಳಲಿಲ್ಲ, ಅವರಲ್ಲಿ ನಾಲ್ವರು ತೀರಿಕೊಂಡರು.

ಕಾನೂನಿನಲ್ಲಿ ಸಿಲ್ಡೆನಾಫಿಲ್ ಷೆಡ್ಯೂಲ್ ಎಚ್ ಔಷಧಿ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ನಡೆಯುವುದು ಬೇರೆ, ಎಲ್ಲರಿಗೂ ಗೊತ್ತು. ‘ಭೈಯಾ, ವೋ ವಾಲೀ’ ಎಂದರೆ ಅಂಗಡಿಯವನು ಕತ್ತರಿಯಲ್ಲಿ ಒಂದು ಮಾತ್ರೆ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಆ ತುಂಡಿನಲ್ಲಿ ಎಕ್ಸ್‌ಪೈರಿ ತಾರೀಕಿಲ್ಲ, ಬ್ಯಾಚ್ ನಂಬರಿಲ್ಲ, ಎಷ್ಟೋ ಸಲ ಔಷಧಿಯ ಹೆಸರೂ ಇಲ್ಲ. ನಾಳೆ ಎಮರ್ಜೆನ್ಸಿಯಲ್ಲಿ ಏನು ನುಂಗಿದಿರಿ ಎಂದು ಕೇಳಿದರೆ ಏನು ಹೇಳುತ್ತೀರಿ? ಪೂರ್ತಿ ಸ್ಟ್ರಿಪ್ ತೆಗೆದುಕೊಳ್ಳಿ, ಬಿಲ್ಲು ಕೇಳಿ. ಹಿಂಬದಿಯಲ್ಲಿ ‘ಡಪೊಕ್ಸೆಟಿನ್’ ಎಂದು ಎರಡನೇ ಹೆಸರಿದ್ದರೆ ಅದು ಶೀಘ್ರಸ್ಖಲನದ ಔಷಧಿ ಸೇರಿಸಿದ ಜೋಡಿ ಮಾತ್ರೆ. ಅದರಿಂದ ತಲೆತಿರುಗಿ ಬೀಳಬಹುದು. ಖಿನ್ನತೆಯ ಮಾತ್ರೆ ಅಥವಾ ಟ್ರಮಡಾಲ್ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೂ, ಹೃದಯದ ಕಾಯಿಲೆ ಇರುವವರಿಗೂ ಅದು ಆಗದು.

*ಹುಡುಗರಿಗೆ ಒಂದು ಮಾತು*

ಇಪ್ಪತ್ತೆಂಟು ಮೂವತ್ತರ ಹುಡುಗರೂ ಈ ಮಾತ್ರೆ ನುಂಗುತ್ತಾರೆ. ರಾತ್ರಿ ಪಾಳಿಯ ಕೆಲಸ, ನಿದ್ದೆ ಇಲ್ಲ, ಇಎಂಐ, ಹೆಂಡತಿ ಹುಬ್ಬಳ್ಳಿಯಲ್ಲೋ ಹಾಸನದಲ್ಲೋ. ವರ್ಷಕ್ಕೆ ಹತ್ತು ದಿನ ರಜೆ, ಅಷ್ಟರಲ್ಲೇ ಎಲ್ಲ ಆಗಬೇಕೆಂಬ ಒತ್ತಡ, ಮೇಲಿಂದ ಮನೆಯವರ ‘ವಿಶೇಷ ಏನಾದ್ರೂ ಉಂಟಾ?’ ಒಮ್ಮೆ ಆಗಲಿಲ್ಲವೆಂದರೆ ಮುಂದಿನ ಸಲ ಭಯವೇ ಅರ್ಧ ಕೆಲಸ ಕೆಡಿಸುತ್ತದೆ. ಬೆಳಗಿನ ಜಾವ ತಾನಾಗಿ ನಿಮಿರುವಿಕೆ ಆಗುತ್ತಿದ್ದರೆ ರಕ್ತನಾಳ ಚೆನ್ನಾಗಿದೆ, ತೊಂದರೆ ಹೆಚ್ಚಾಗಿ ಮನಸ್ಸಿನದು ಎಂದು ಡಾಕ್ಟರು ಲೆಕ್ಕ ಹಾಕುತ್ತಾರೆ. ಅಂಥವರು ಧೈರ್ಯಕ್ಕೆಂದು ಪ್ರತಿ ಸಲವೂ ನುಂಗುತ್ತಾ ಹೋದರೆ ಆಮೇಲೆ ಮಾತ್ರೆ ಇಲ್ಲದೆ ಆಗುವುದೇ ಇಲ್ಲ ಎಂಬ ನಂಬಿಕೆ ಬೇರೂರುತ್ತದೆ. 14416 ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು. ಅಂದ ಹಾಗೆ ಈ ಮಾತ್ರೆ ವೀರ್ಯಾಣು ಹೆಚ್ಚಿಸುವುದಿಲ್ಲ, ಗರ್ಭವನ್ನು ತಡೆಯುವುದೂ ಇಲ್ಲ.

*ಯಾರ ಹತ್ತಿರ ಹೋಗುವುದು*

ಎಂಬಿಬಿಎಸ್ ಆದ ನಿಮ್ಮ ಏರಿಯಾದ ಮಾಮೂಲಿ ಡಾಕ್ಟರಿಂದಲೇ ಶುರುಮಾಡಿ. ಬೇಕಾದರೆ ಅವರೇ ಯೂರಾಲಜಿಗೆ ಕಳಿಸುತ್ತಾರೆ. ಏಮ್ಸ್, ಸಫ್ದರ್‌ಜಂಗ್, ರಾಮ್ ಮನೋಹರ್ ಲೋಹಿಯಾ ಮೂರರಲ್ಲೂ ಯೂರಾಲಜಿ ವಿಭಾಗವಿದೆ. ಹಿಂದಿಯಲ್ಲಿ ಹೇಗೆ ಹೇಳಲಿ ಎಂದು ಸಂಕೋಚಪಡುವವರು ‘ಇರೆಕ್ಷನ್ ಪ್ರಾಬ್ಲಮ್’ ಎಂದರೆ ಸಾಕು, ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ. ಕನ್ನಡದಲ್ಲೇ ಹೇಳಿಕೊಳ್ಳಬೇಕು ಅನಿಸಿದರೆ ದಾರಿಯಿದೆ. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ನೋಂದಾಯಿತ ಡಾಕ್ಟರು ದೇಶದ ಯಾವ ಮೂಲೆಯ ರೋಗಿಯನ್ನೂ ವಿಡಿಯೋದಲ್ಲಿ ನೋಡಬಹುದು. ಊರಿನಲ್ಲಿ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಡಾಕ್ಟರಿದ್ದರೆ ಅವರಿಗೇ ಫೋನ್ ಮಾಡಿ. ಮಾತ್ರೆಯಿಂದ ಏನಾದರೂ ವಿಪರೀತ ಆದರೆ 1800-180-3024ಕ್ಕೆ ತಿಳಿಸಿ, ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕೇಂದ್ರದ ನಂಬರು ಅದು. ಆ ಕೇಂದ್ರ ಇರುವುದು ಇಲ್ಲೇ ನಮ್ಮ ಗಾಜಿಯಾಬಾದಿನಲ್ಲಿ.

ಮನೆಯಲ್ಲಿ ಹೇಳುವುದು ಹೇಗೆ ಎಂದು ಕೇಳುತ್ತೀರಿ. ದೊಡ್ಡ ಭಾಷಣ ಬೇಡ. ‘ಡಾಕ್ಟರು ಈ ಮಾತ್ರೆ ಬರೆದಿದ್ದಾರೆ, ತಗೊಂಡ ದಿನ ನನಗೆ ಸಾರ್ಬಿಟ್ರೇಟ್ ಕೊಡಬೇಡ’, ಇಷ್ಟೇ ವಾಕ್ಯ. ಅಕ್ಕಂದಿರೇ, ಅವರು ಹೇಳಿದಾಗ ನಕ್ಕುಬಿಡಬೇಡಿ, ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ’ ಎನ್ನಬೇಡಿ. ಇನ್ನೊಂದು ಸಲ ಅವರು ಹೇಳುವುದಿಲ್ಲ.

ಮತ್ತೆ, ಫ್ರಿಜ್ಜಿನ ಮೇಲಿನ ಆ ಡಬ್ಬಿ. ಇವತ್ತು ರಾತ್ರಿಯೇ ಕೆಳಗಿಳಿಸಿ, ಸಾರ್ಬಿಟ್ರೇಟಿನ ಪಟ್ಟಿಗೆ ಒಂದು ಬಿಳಿ ಚೀಟಿ ಅಂಟಿಸಿ ಪೆನ್ನಿನಲ್ಲಿ ದೊಡ್ಡದಾಗಿ ಬರೆಯಿರಿ: ‘ಕೊಡುವ ಮೊದಲು ಕೇಳಿ. ಸಿಲ್ಡೆನಾಫಿಲ್ 24 ಗಂಟೆ, ಟಡಲಾಫಿಲ್ 48 ಗಂಟೆ.’